ಚೀಲ ತುಂಬುವ ಮೊದಲು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಗೇಜಿನ ಬಗ್ಗೆಯೇ ಇವೆ. ಎಲ್ಲಿಗೆ ಹೋಗಲಿ ಎಂದು ಕೇಳಿದವರು ಕಡಿಮೆ, ಏನು ಒಯ್ಯಲಿ ಎಂದು ಕೇಳಿದವರೇ ಹೆಚ್ಚು. ನನಗೆ ಇದು ಖುಷಿಯ ಸಂಗತಿ. ಚೀಲದ ಭಾರ ಸರಿಯಾಗಿದ್ದರೆ ಊರು ನೋಡುವ ಕಣ್ಣು ತಾನಾಗಿ ತೆರೆಯುತ್ತದೆ ಎಂದು ನಂಬಿದವಳು ನಾನು. ಪತ್ರಗಳಿಗೆ ಬರೋಣ.

ಜನವರಿಯಲ್ಲಿ ನಾವು ಗೆಳತಿಯರು ರೈಲಿನಲ್ಲಿ ಕಾಶಿಗೆ ಹೊರಟಿದ್ದೇವೆ. ಸ್ಲೀಪರ್ ಬೋಗಿ. ಎಲ್ಲರೂ ಐವತ್ತೈದು ದಾಟಿದವರು. ಅಲ್ಲಿ ವಿಪರೀತ ಚಳಿ ಎಂದು ಮನೆಯವರು ಆಗಲೇ ದೊಡ್ಡ ಸೂಟ್‌ಕೇಸ್ ಕೆಳಗಿಳಿಸಿ ಇಟ್ಟಿದ್ದಾರೆ. ಏನೇನು ತಗೊಂಡು ಹೋಗಬೇಕು? — ನಿವೃತ್ತ ಶಿಕ್ಷಕಿ, ಹಾವೇರಿ

ಮೊದಲು ಆ ಸೂಟ್‌ಕೇಸನ್ನು ವಾಪಸ್ ಅಟ್ಟಕ್ಕೆ ಹತ್ತಿಸಿ. ಸ್ಲೀಪರ್ ಬೋಗಿಯಲ್ಲಿ ಒಬ್ಬರಿಗೆ 40 ಕೆ.ಜಿ. ತನಕ ಉಚಿತವಾಗಿ ಬಿಡುತ್ತಾರೆ, ನಿಜ. ಆದರೆ ಅದನ್ನು ಎತ್ತುವವರು ನೀವೇ ಅಲ್ವಾ? ಕಾಶಿಯಲ್ಲಿ ಗೊದೌಲಿಯಾ ಚೌಕದಿಂದ ಘಾಟಿನ ಕಡೆಗೆ ನಡೆದೇ ಹೋಗಬೇಕು. ನಮ್ಮ ಕಡೆಯವರು ಬಹಳ ಜನ ಉಳಿಯುವ ಜಂಗಮವಾಡಿ ಮಠ ಅಲ್ಲೇ ಹತ್ತಿರ. ಆ ಗಲ್ಲಿಗಳಲ್ಲಿ ಎದುರಿಗೆ ಒಂದು ಗೂಳಿ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಘಾಟಿನಲ್ಲಿ ಮೆಟ್ಟಿಲು ಮುಗಿಯುವುದೇ ಇಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ಚೀಲ ಪೂರ್ತಿ ತುಂಬಿ, ಹೆಗಲಿಗೆ ಹಾಕಿಕೊಂಡು ಮನೆಯ ಮಹಡಿ ಹತ್ತಿ ಇಳಿಯಿರಿ. ನಡುವೆ ನಿಲ್ಲಬೇಕು ಅನ್ನಿಸಿದರೆ ಏನನ್ನಾದರೂ ತೆಗೆಯಿರಿ. ನಾನು ಎಲ್ಲಿಗೆ ಹೊರಟರೂ ಹೀಗೇ ಮಾಡುವುದು.

ಇನ್ನು ಚಳಿ. ಜನವರಿಯಲ್ಲಿ ಕಾಶಿಯ ಬೆಳಗು 8–10 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಅದಕ್ಕೆ ದಪ್ಪನೆಯ ಒಂದೇ ಕೋಟು ಬೇಡ. ಒಳಗೆ ತೆಳು ಥರ್ಮಲ್, ಅದರ ಮೇಲೆ ನಿಮ್ಮ ಮಾಮೂಲಿ ಬಟ್ಟೆ, ಮೇಲೊಂದು ಸ್ವೆಟರ್, ಕೊನೆಗೆ ಶಾಲು. ಒಂದರ ಮೇಲೊಂದು ಹಾಕಿದಾಗ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈ ಬೆಚ್ಚಗಿಡುತ್ತದೆ. ಹತ್ತು ಗಂಟೆಗೆ ಬಿಸಿಲು ಬಂದರೆ ಒಂದೊಂದಾಗಿ ಬಿಚ್ಚಬಹುದು. ಕಿವಿಗೆ ಸ್ಕಾರ್ಫು, ಕಾಲಿಗೆ ಉಣ್ಣೆಯ ಕಾಲುಚೀಲ ಮರೆಯಬೇಡಿ. ಸ್ಲೀಪರ್‌ನಲ್ಲಿ ಹೊದಿಕೆ ಕೊಡುವುದಿಲ್ಲ. ಮಧ್ಯಪ್ರದೇಶ ದಾಟುವಾಗ ರಾತ್ರಿ ಕಿಟಕಿಯ ಸಂದಿಯಿಂದ ಬರುವ ಗಾಳಿ ಮೂಳೆಗೆ ತಾಗುತ್ತದೆ. ಒಂದು ರಗ್ಗು ಒಯ್ಯಲೇಬೇಕು. ಅದನ್ನು ಚೀಲದೊಳಗೆ ತುರುಕದೆ ಸುತ್ತಿ ಹೊರಗೆ ಪಟ್ಟಿಯಲ್ಲಿ ಕಟ್ಟಿ.

ಗಂಗಾಸ್ನಾನ ಮಾಡುತ್ತೀರಿ, ಅಂದರೆ ಒದ್ದೆ ಬಟ್ಟೆ ಇದ್ದೇ ಇರುತ್ತದೆ. ಮಂಜಿನಲ್ಲಿ ಕಾಟನ್ ಸೀರೆ ಎರಡು ದಿನ ಆದರೂ ಒಣಗುವುದಿಲ್ಲ. ಸ್ನಾನಕ್ಕೆಂದೇ ಒಂದು ಸಿಂಥೆಟಿಕ್ ಸೀರೆ ಇರಲಿ. ಟರ್ಕಿ ಟವೆಲ್ ಬಿಟ್ಟು ತೆಳು ಟವೆಲ್ ತಗೊಳ್ಳಿ. ಒಟ್ಟು ನಾಲ್ಕು ಜೊತೆ ಬಟ್ಟೆ ಧಾರಾಳ ಸಾಕು.

ಊಟದ ವಿಷಯದಲ್ಲಿ ಹಾವೇರಿಯವರಿಗೆ ನಾನು ಹೇಳಿಕೊಡುವುದು ಏನಿದೆ? ಮೊದಲ ದಿನಕ್ಕೆ ಮೊಸರು ಬುತ್ತಿ: ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ ಒಂದು ಚಮಚ ಮೊಸರು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿ ಹೆಪ್ಪಾಗಿರುತ್ತದೆ. ಎರಡನೇ ದಿನಕ್ಕೆ ಹಾಲಿನಲ್ಲಿ ಕಲಸಿದ ದಶಮಿ. ಆಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಉತ್ತರದ ಮಂಜಿನಲ್ಲಿ ರೈಲು ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಆದ್ದರಿಂದ ಲೆಕ್ಕಕ್ಕಿಂತ ಒಂದು ಹೊತ್ತಿನ ಬುತ್ತಿ ಜಾಸ್ತಿ ಇರಲಿ. ಬುತ್ತಿ ಖಾಲಿಯಾದ ಜಾಗಕ್ಕೆ ಗಂಗೆಯ ತಂಬಿಗೆ ಬರುತ್ತದೆ, ಬನಾರಸ್ ಸೀರೆಯೂ ಬರಬಹುದು.

ಮಗಳು ಅಮೆರಿಕದಲ್ಲಿದ್ದಾಳೆ, ಬಾಣಂತನಕ್ಕೆ ಹೊರಟಿದ್ದೇನೆ. ಮೊದಲ ವಿಮಾನ ಪ್ರಯಾಣ. ಮನೆಯ ಕೊಬ್ಬರಿ, ಅಕ್ಕಿ, ಕರಿಬೇವು, ಸಾರಿನ ಪುಡಿ, ಉಪ್ಪಿನಕಾಯಿ ಎಲ್ಲ ಒಯ್ಯಬೇಕೆಂದಿದೆ. ಬಿಡುತ್ತಾರಾ? — ತಿಪಟೂರಿನ ಒಬ್ಬ ತಾಯಿ

ತಿಪಟೂರಿನವರಿಗೆ ಕೊಬ್ಬರಿ ಬಿಟ್ಟು ಹೋಗಿ ಎನ್ನಲು ಮನಸ್ಸು ಬರುತ್ತಿಲ್ಲ. ಆದರೂ ಬಿಡಲೇಬೇಕು. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಬಹಳ. ರಾಶಿ ಬಿದ್ದಲ್ಲಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯ ಇದೆ. ಅದಕ್ಕೇ ವಿಮಾನದ ಹೊಟ್ಟೆಗೆ ಹೋಗುವ ಚೆಕ್-ಇನ್ ಬ್ಯಾಗಿನಲ್ಲಿ ಅದಕ್ಕೆ ನಿಷೇಧ. ಎಕ್ಸ್‌ರೇಯಲ್ಲಿ ಗಿಟುಕು ಕಂಡರೆ ಬ್ಯಾಗ್ ಬಿಚ್ಚಿಸಿ ತೆಗೆಸುತ್ತಾರೆ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಕೊಬ್ಬರಿ ಸಿಗುತ್ತದೆ. ಅಂಟಿನುಂಡೆಯನ್ನು ಅಲ್ಲೇ ಬಿಸಿಬಿಸಿ ಕಟ್ಟಿ ಕೊಡಿ. ಅಂಟು, ಉತ್ತುತ್ತೆ ಮಾತ್ರ ಇಲ್ಲಿಂದ ಹೋಗಲಿ.

ಅಕ್ಕಿಯೂ ಬೇಡ. ಧಾನ್ಯಕ್ಕೆ ಹತ್ತುವ ಖಾಪ್ರಾ ಎಂಬ ಹುಳುವಿನ ಭಯದಿಂದ ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರ ಬ್ಯಾಗಿನಲ್ಲಿ ಅಮೆರಿಕದವರು ಒಳಗೆ ಬಿಡುವುದಿಲ್ಲ. ಹಸಿ ಕರಿಬೇವಿಗೂ ಇದೇ ಗತಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಆ ಎಲೆಯ ಜೊತೆ ಬರುತ್ತದೆ. ಹಣ್ಣು, ತರಕಾರಿ, ಬೀಜಗಳನ್ನೂ ಮುಟ್ಟಬೇಡಿ.

ನೀವು ಧೈರ್ಯವಾಗಿ ಒಯ್ಯಬೇಕಾದದ್ದು ಪುಡಿಗಳು. ಹುರಿದು ಕುಟ್ಟಿದ ಸಾರಿನ ಪುಡಿ, ಬಾಣಂತಿಗೆ ಮೆಣಸಿನ ಪುಡಿ, ಚಟ್ನಿಪುಡಿ. ಒಂದೊಂದನ್ನೂ ದಪ್ಪ ಕವರಿಗೆ ಹಾಕಿ, ಗಾಳಿ ತೆಗೆದು, ಬಾಯಿ ಸೀಲ್ ಮಾಡಿಸಿ. ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಬೇಡ, ಎರಡು ಕವರ್ ಹಾಕಿ ಬಟ್ಟೆಯ ನಡುವೆ ಚೆಕ್-ಇನ್ ಬ್ಯಾಗಿನಲ್ಲಿಡಿ. ಅಲ್ಲಿ ಇಳಿದ ಮೇಲೆ ಕಸ್ಟಮ್ಸ್‌ನವರು ಆಹಾರ ಇದೆಯಾ ಎಂದು ಕೇಳಿದರೆ "ಇದೆ" ಅನ್ನಿ. ಹೇಳಿದವರ ಬಳಿ ಬೇಡದ ವಸ್ತು ಸಿಕ್ಕರೆ ಅದನ್ನಷ್ಟೇ ತೆಗೆದುಕೊಳ್ಳುತ್ತಾರೆ. ಹೇಳದವರಿಗೆ ದಂಡ ಬೀಳುತ್ತದೆ. ನೂರಾರು ಡಾಲರ್!

ಬಹಳಷ್ಟು ಟಿಕೆಟಿನಲ್ಲಿ ಒಂದು ದೊಡ್ಡ ಬ್ಯಾಗಿಗೆ 23 ಕೆ.ಜಿ. ಮಿತಿ ಇರುತ್ತದೆ. ಎಷ್ಟು ಬ್ಯಾಗ್ ಎಂಬುದನ್ನು ನಿಮ್ಮ ಟಿಕೆಟಿನಲ್ಲೇ ನೋಡಿಸಿ. 22ಕ್ಕೆ ನಿಲ್ಲಿಸಿ, ಮನೆಯ ತಕ್ಕಡಿ ಮತ್ತು ಅಲ್ಲಿನ ತಕ್ಕಡಿ ಒಂದೇ ಥರ ಇರುವುದಿಲ್ಲ. ಕೈಚೀಲದಲ್ಲಿ ಪಾಸ್‌ಪೋರ್ಟ್, ಮಾತ್ರೆಗಳು, ಡಾಕ್ಟರ್ ಚೀಟಿ, ಕನ್ನಡಕ, ಸ್ವೆಟರ್, ಒಂದು ಜೊತೆ ಬಟ್ಟೆ. ದೊಡ್ಡ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ನೀವು ನೆಮ್ಮದಿಯಾಗಿ ಇರಬೇಕು. ಪವರ್ ಬ್ಯಾಂಕ್ ಇದ್ದರೆ ಅದೂ ಕೈಚೀಲದಲ್ಲೇ. ಚೆಕ್-ಇನ್‌ಗೆ ಹಾಕುವಂತೆಯೇ ಇಲ್ಲ. ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿ. ಸಂಕೋಚ ಏನೂ ಬೇಡ. ನಡುವೆ ವಿಮಾನ ಬದಲಿಸುವ ಕಡೆ ಭಾಷೆ ಬಾರದವರಿಗೆ ಅದು ದೊಡ್ಡ ಆಸರೆ. ಮೊಮ್ಮಗುವಿನ ಮುಖ ನೋಡುವ ಸಂತೋಷಕ್ಕೆ ಹೊರಟಿದ್ದೀರಿ, ಆರಾಮವಾಗಿ ಹೋಗಿ.

ಟ್ರಾಲಿ ಬ್ಯಾಗ್ ಒಳ್ಳೆಯದಾ, ಹೆಗಲಿಗೆ ಹಾಕುವುದು ಒಳ್ಳೆಯದಾ? ಮನೆಯಲ್ಲಿ ದಿನಾ ಇದೇ ಜಗಳ. — ಹುಬ್ಬಳ್ಳಿಯ ಓದುಗ

ನಿಮ್ಮ ಊರಿನ ಪ್ಲಾಟ್‌ಫಾರ್ಮಿಗಂತೂ ಟ್ರಾಲಿ. 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು! ಕೋಚ್ ಆ ತುದಿಗೆ ನಿಂತರೆ ಹೆಗಲು ಸೋಲುತ್ತದೆ. ಆದರೆ ಬಸ್ಸಿನಲ್ಲಿ ಸುತ್ತುವವರಾದರೆ, ಮಣ್ಣು ದಾರಿ, ಮೆಟ್ಟಿಲು ಇರುವ ಊರಿಗೆ ಹೋಗುವವರಾದರೆ ಹೆಗಲ ಚೀಲವೇ ಸೈ. ಟ್ರಾಲಿ ಕೊಳ್ಳುವಾಗ ಬಣ್ಣ ನೋಡಬೇಡಿ, ಚಕ್ರ ನೋಡಿ. ನಾಲ್ಕು ಸಣ್ಣ ಚಕ್ರದ್ದು ನುಣುಪು ನೆಲಕ್ಕೆ ಚೆಂದ. ನಮ್ಮ ರಸ್ತೆಗೆ ಎರಡು ದೊಡ್ಡ ಚಕ್ರದ್ದು ಬಾಳಿಕೆ.

ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಬೇಕೆಂದು ಗೆಳೆಯರೆಲ್ಲ ತೀರ್ಮಾನಿಸಿದ್ದೇವೆ. ಜಿಗಣೆ ಭಯ. ಬಟ್ಟೆ, ಬ್ಯಾಗ್ ಹೇಗಿರಬೇಕು? — ದಾವಣಗೆರೆಯ ಕಾಲೇಜು ವಿದ್ಯಾರ್ಥಿ

ಜೀನ್ಸ್ ಹಾಕಬೇಡಿ. ನೆನೆದರೆ ಭಾರ, ಒಣಗುವುದಿಲ್ಲ, ತೊಡೆ ಉಜ್ಜಿ ಹುಣ್ಣಾಗುತ್ತದೆ. ತೆಳು ಟ್ರ್ಯಾಕ್ ಪ್ಯಾಂಟ್ ಸಾಕು. 1,343 ಮೀಟರ್ ಎತ್ತರದ ಬೆಟ್ಟದ ತುದಿಯ ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟೇ ಬೇಕು. ಬ್ಯಾಗಿಗೆ ಹೊರಗಿನ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೆ ಮೊದಲು ದೊಡ್ಡದೊಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಕಟ್ಟಿ. ಒಂದು ಜೊತೆ ಒಣ ಬಟ್ಟೆ ಕೆಳಗೆ ಇಳಿದ ಮೇಲೆ ಬಸ್ಸಿಗೆಂದೇ ಮೀಸಲು. ಎಷ್ಟೇ ಚಳಿಯಾದರೂ ಮೇಲೆ ಅದನ್ನು ಮುಟ್ಟಬೇಡಿ.

ಜಿಗಣೆಯನ್ನು ಮಲೆನಾಡಿನವರು ಉಂಬಳ ಅನ್ನುತ್ತಾರೆ. ಅದಕ್ಕೆ ಹೆದರಿ ಮಳೆಗಾಲದ ಕಾಡು ಬಿಡುವುದು ನಷ್ಟ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿ. ಅದು ಹತ್ತಿದರೂ ಗಾಬರಿಯಿಂದ ಎಳೆಯಬೇಡಿ. ಕಚ್ಚಿದ ಬಾಯಿಯ ಪಕ್ಕದಲ್ಲಿ ಉಗುರು ತೂರಿಸಿ ಜಾರಿಸಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪಾಗದಂತೆ ಮಾಡುವ ಅಂಶ ಇದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು ಹತ್ತಿ ಒತ್ತಿ ಹಿಡಿಯಿರಿ, ಅಷ್ಟೇ. ಶೂ ಒದ್ದೆಯಾದರೆ ರಾತ್ರಿ ಒಳಗೆ ಹಳೆ ಪೇಪರ್ ಮುದ್ದೆ ಮಾಡಿ ತುರುಕಿ. ತಿಂದ ಬಿಸ್ಕತ್ತಿನ ಕವರ್ ಒಂದೂ ಮೇಲೆ ಬೀಳಬಾರದು. ಅದಕ್ಕೊಂದು ಖಾಲಿ ಕವರ್ ನಿಮ್ಮ ಪಟ್ಟಿಯಲ್ಲಿ ಮೊದಲೇ ಇರಲಿ.

ಮನೆಯವರು ಹೋಗಿ ಎರಡು ವರ್ಷವಾಯಿತು. ಶಕ್ತಿ ಯೋಜನೆ ಬಂದ ಮೇಲೆ ಒಬ್ಬಳೇ ಧರ್ಮಸ್ಥಳ, ಹೊರನಾಡು ನೋಡಿ ಬಂದೆ. ಈಗ ಇನ್ನೂ ಸುತ್ತಬೇಕು ಅನ್ನಿಸುತ್ತಿದೆ. "ಈ ವಯಸ್ಸಿನಲ್ಲಿ ಸುಮ್ನೆ ಯಾಕಮ್ಮ?" ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ? — ಕಡೂರಿನ ಓದುಗರು

ಅಕ್ಕಾ, ನಿಮ್ಮ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ. ನೋಡಬೇಕು ಅನ್ನಿಸಿದೆ, ಅದಕ್ಕೇ ಹೋಗುತ್ತೇನೆ ಎಂದು ಹೇಳಿ. ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮನೆಯಲ್ಲಿ ಇಷ್ಟು ವರ್ಷ ಎಲ್ಲರ ತಟ್ಟೆಗೆ ಬಡಿಸಿದವರು ಒಂದು ದಿನ ಯಾರೋ ಬಡಿಸಿದ ಎಲೆಯ ಮುಂದೆ ಕೂತು ನಿಧಾನವಾಗಿ ಊಟ ಮಾಡುವ ಸುಖ ಮಕ್ಕಳಿಗೆ ಗೊತ್ತಾಗಲು ಸಮಯ ಬೇಕು.

ಮುಂದಿನ ಸಲ ರೈಲು ಹಿಡಿಯಿರಿ. ಅರಸೀಕೆರೆಯಲ್ಲಿ ನಮ್ಮ ತಂದೆ ರೈಲ್ವೆ ಕೆಲಸದಲ್ಲಿದ್ದರು, ಕಿಟಕಿಯ ಸೀಟಿನ ಆಸೆ ನನಗೆ ಅಲ್ಲಿಂದ ಬಂದದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕ ಘಾಟಿ ಇಳಿಯುವ ದಾರಿಯಲ್ಲಿ 57 ಸುರಂಗಗಳಿವೆ. ಹಗಲು ಗಾಡಿಯಲ್ಲೇ ಹೋಗಿ. ಕತ್ತಲು ಕಳೆದು ಬೆಳಕು ಬಂದಾಗಲೆಲ್ಲ ಹೊಸ ಕಣಿವೆ, ಹೊಸ ಝರಿ. ಬೋಗಿಯ ಮಕ್ಕಳೆಲ್ಲ ಸುರಂಗ ಬಂದ ಕೂಡಲೇ ಕೂಗುತ್ತವೆ. ನೀವೂ ಕೂಗಿ! ಶಕ್ತಿ ಟಿಕೆಟ್ ರಾಜ್ಯದ ಒಳಗಿನ ಸಾಮಾನ್ಯ ಸಾರಿಗೆ ಬಸ್ಸಿಗೆ ಮಾತ್ರ, ರೈಲಿಗೆ ದುಡ್ಡು ಕೊಡಬೇಕು. ಬಸ್ಸಿಗೆ ಹೋಗುವಾಗ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಒಬ್ಬರೇ ಹೋಗುವಾಗ ದುಡ್ಡನ್ನು ಎರಡು ಕಡೆ ಇಡಿ. ಮಕ್ಕಳ ಫೋನ್ ನಂಬರನ್ನು ಕಾಗದದಲ್ಲೂ ಬರೆದಿಡಿ. ದಿನಕ್ಕೊಮ್ಮೆ, ಸಂಜೆ ಇಂಥ ಹೊತ್ತಿಗೆ ಎಂದು ಮಾತಾಡಿಕೊಂಡು ಫೋನ್ ಮಾಡಿ. ಕತ್ತಲಾಗುವ ಮೊದಲು ಊರು ಸೇರುವ ಬಸ್ಸನ್ನೇ ಹಿಡಿಯಿರಿ. ಇಷ್ಟು ಮಾಡಿದರೆ ಅವರ ಅರ್ಧ ಚಿಂತೆ ಇಳಿಯುತ್ತದೆ.

ಏಪ್ರಿಲ್‌ನಲ್ಲಿ ಹಂಪಿ, ಬಾದಾಮಿಗೆ ಹೋಗುತ್ತಿದ್ದೇವೆ. ನಮ್ಮ ಯಜಮಾನರು ಇನ್ಸುಲಿನ್ ತಗೊಳ್ಳುತ್ತಾರೆ. ಬಿಸಿಲಿಗೆ ಕೆಡುವುದಿಲ್ಲವಾ? — ಮೈಸೂರಿನ ಓದುಗರು

ಕೆಡುತ್ತದೆ, ಹಾಗಾಗಿ ಮೊದಲು ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಚೆನ್ನಾಗಿರುತ್ತದೆ. ಏಪ್ರಿಲ್‌ನ ಹಂಪಿ 40ರ ಹತ್ತಿರ ಹೋಗುತ್ತದೆ. ನಿಂತ ಕಾರಿನೊಳಗೆ ಇನ್ನೂ ಜಾಸ್ತಿ. ಕಾರಿನಲ್ಲಿ ಮಾತ್ರ ಬಿಡಬೇಡಿ. ಮೆಡಿಕಲ್ ಅಂಗಡಿಯಲ್ಲಿ ತಂಪು ಪೌಚ್ ಕೇಳಿ. ಐಸ್ ಪ್ಯಾಕಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ಏಕೆಂದರೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ. ರೂಮಿನಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯಲ್ಲಿ ಸ್ವಲ್ಪ ನೀರು ಹಾಕಿ, ಸೀಸೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದರೊಳಗಿಡಿ. ಒಯ್ಯಬೇಕಾದದ್ದರ ದುಪ್ಪಟ್ಟು ಸಿರಿಂಜು, ಶುಗರ್ ಇಳಿದರೆ ತಕ್ಷಣ ಬಾಯಿಗೆ ಹಾಕಲು ಸಕ್ಕರೆ ಅಥವಾ ಗ್ಲೂಕೋಸ್, ಜೊತೆಗೆ ಓಆರ್‌ಎಸ್ ಪೊಟ್ಟಣ ಇರಲಿ. ಆದರೆ ಓಆರ್‌ಎಸ್‌ನಲ್ಲೂ ಸಕ್ಕರೆ ಅಂಶ ಇದೆ, ಎಷ್ಟು ಕುಡಿಯಬಹುದು ಎಂದು ಡಾಕ್ಟರನ್ನೇ ಕೇಳಿ.

ಬೆಳಿಗ್ಗೆ ಬೇಗ ಹೊರಟು ಹತ್ತು ಗಂಟೆಗೆ ನೆರಳಿಗೆ ಬನ್ನಿ. ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ಅವರನ್ನು ನಡೆಸಬೇಡಿ. ಬರಿಗಾಲಲ್ಲಿ ಕಲ್ಲು ಸುಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಾಲು ಸುಟ್ಟದ್ದೇ ಗೊತ್ತಾಗುವುದಿಲ್ಲ. ದೇವಸ್ಥಾನಗಳ ಒಳಗೆ ಓಡಾಡಲು ದಪ್ಪ ಕಾಲುಚೀಲ ಎರಡು ಜೊತೆ ಅವರ ಚೀಲದಲ್ಲೇ ಇಡಿ.