ನಾವು ವಾಪಸ್ ಬಂದ ಮೇಲೂ ಹಳ್ಳಿಯ ನೀರಿನ ಘಟಕ ನಡೀಬೇಕಂದ್ರೆ ಏನು ಮಾಡಬೇಕು?

ನಿಮ್ಮ ಕಾಲೇಜಿನ ತಂಡ ಹಳ್ಳಿಯೊಂದಕ್ಕೆ ಕುಡಿಯುವ ನೀರಿನ ಘಟಕ ಹಾಕಿಕೊಡುತ್ತಿದೆ, ಅದು ಒಂದೆರಡು ವರ್ಷಕ್ಕೇ ಮೂಲೆ ಸೇರಬಾರದು ಅಂತ ಕೇಳಿದ್ದೀರಿ. ಯಂತ್ರ ಆರಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಕೆಟ್ಟ ದಿನ ಅದನ್ನು ಯಾರು ರಿಪೇರಿ ಮಾಡುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತೆ, ದುಡ್ಡು ಯಾರದು? ಮೊದಲು ಇದು ತೀರ್ಮಾನವಾಗಲಿ. ಡ್ರಾಯಿಂಗ್ ಆಮೇಲೆ.

ನಮ್ಮ ಬೋರ್‌ವೆಲ್ ಕೈಪಂಪನ್ನೇ ನೋಡಿ. ಶುರುವಿನಲ್ಲಿ ಹಾಕಿದ ಬೀಡುಕಬ್ಬಿಣದ ಪಂಪುಗಳು ಹೊರದೇಶದಲ್ಲಿ ಒಂದು ಮನೆಯ ಬಳಕೆಗೆ ಅಂತ ಮಾಡಿದ ಮಾದರಿಯವು. ಇಲ್ಲಿ ಇಡೀ ಊರು ಬೆಳಗಿಂದ ರಾತ್ರಿವರೆಗೆ ಜಗ್ಗಿದರೆ ತಡೆಯುತ್ತವಾ? 1970ರ ದಶಕದಲ್ಲಿ ಸೊಲ್ಲಾಪುರದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು ಸರ್ಕಾರ ಮತ್ತು ಯುನಿಸೆಫ್ ಸೇರಿ ಇಂಡಿಯಾ ಮಾರ್ಕ್ 2 ರೂಪಿಸಿದರು. ಗಟ್ಟಿ ಪಂಪು. ಆದರೆ ಕೆಳಗೆ ಸಿಲಿಂಡರಿನಲ್ಲಿ ಒಂದು ಸಣ್ಣ ವಾಷರ್ ಸವೆದರೂ ಪೈಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೇಲೆತ್ತಬೇಕು, ಅದಕ್ಕೆ ನಾಲ್ಕೈದು ಜನ, ಸಲಕರಣೆ, ಹೊರಗಿಂದ ಗಾಡಿ, ಎಲ್ಲ ಬರೋವರೆಗೂ ಊರು ಕಾಯಬೇಕು. ಮುಂದೆ ಬಂದ ಮಾರ್ಕ್ 3ರಲ್ಲಿ ಪೈಪನ್ನೇ ಅಗಲ ಮಾಡಿ, ಪೈಪು ಅಲ್ಲೇ ಇರುವಾಗ ಪಿಸ್ಟನ್ ಮಾತ್ರ ರಾಡಿನ ಜೊತೆ ಮೇಲೆ ಬರುವ ಹಾಗೆ ಮಾಡಿದರು. ಪೈಪಿಗೆ ಖರ್ಚು ಜಾಸ್ತಿ, ನಿಜ. ಆದರೆ ವಾಷರನ್ನು ಊರಿನವರೇ ಬದಲಾಯಿಸಬಹುದು. ನಾನಾದರೆ ಕಣ್ಣುಮುಚ್ಚಿ ಆ ಖರ್ಚು ಮಾಡುತ್ತೇನೆ.

ನೀರನ್ನು ಒತ್ತಡದಲ್ಲಿ ತೆಳು ಪೊರೆಯ (ಮೆಂಬ್ರೇನ್) ಮೂಲಕ ಹಾಯಿಸಿ ಶುದ್ಧ ಮಾಡುವ ಆರ್‌ಒ ಘಟಕಕ್ಕೂ ಇದೇ ಲೆಕ್ಕ. ಪಾವಗಡದಂಥ ಫ್ಲೋರೈಡ್ ಸೀಮೆಯಲ್ಲಿ ಆರ್‌ಒ ಬೇಕು ಅನ್ನೋದು ಸರಿ, ಆದರೆ ಗಡಸು ನೀರಾದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುತ್ತೆ, ನೀರು ಬರೋದು ದಿನದಿನಕ್ಕೆ ಕಮ್ಮಿಯಾಗುತ್ತೆ. ನೀರುಗಂಟಿಗೆ ಗೇಜ್ ಓದೋದು, ದಿನಾ ಪುಸ್ತಕದಲ್ಲಿ ಬರೆಯೋದು ಕಲಿಸಿ. ಒತ್ತಡ ಏರ್ತಾ ಇದೆ ಅಂತ ಅವರಿಗೆ ಗೊತ್ತಾದರೆ ಮೆಂಬ್ರೇನ್ ಹಾಳಾಗುವ ಮೊದಲೇ ಫಿಲ್ಟರ್ ಬದಲಿಸಿ, ತೊಳೆಸಬಹುದು. ಉದ್ಘಾಟನೆ ದಿನ ಅರ್ಧ ಗಂಟೆ ತೋರಿಸಿದರೆ ಸಾಲದು. ಜೋಡಿಸುವಾಗಲೇ ಅವರ ಕೈಗೆ ಸ್ಪ್ಯಾನರ್ ಕೊಡಿ.

ನೀರು ಹಿಡಿಯುವ ಬೂತಿಗೆ ಬೀಳುವ ನಾಣ್ಯದ ದುಡ್ಡಿಗೆ ಬೇರೆ ಖಾತೆ ತೆಗೆಸಿ. ಕರೆಂಟ್ ಬಿಲ್ಲು, ಸಂಬಳ ಕಳೆದು ಮುಂದಿನ ಮೆಂಬ್ರೇನಿಗೆ ಎಷ್ಟು ಉಳಿಯುತ್ತೆ ಅಂತ ಈಗಲೇ ಹಾಕಿ ನೋಡಿ. ಉಳಿಯಲ್ಲ ಅಂದ್ರೆ ಮಿಕ್ಕದ್ದು ಪಂಚಾಯಿತಿ ಕೊಡುತ್ತೆ ಅಂತ ಠರಾವು ಮಾಡಿಸಿ. ಬಾಯಿಮಾತು ಬೇಡ, ಅಧ್ಯಕ್ಷರು ಬದಲಾಗ್ತಾರೆ. ಮತ್ತೆ ನೀರು ಹೊರುವ ಹೆಂಗಸರನ್ನು ಕೇಳದೆ ಜಾಗ ಗೊತ್ತು ಮಾಡಬೇಡಿ.

ನೀರಿನ ಪರೀಕ್ಷೆಯ ವರದಿ ಇದ್ದರೆ ಇಲ್ಲೇ ಹಾಕಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿಲ್ಲ, ಉಪ್ಪಿನಂಶವೂ ಕಮ್ಮಿ ಇದೆ ಅಂದ್ರೆ ನಿಮಗೆ ಆರ್‌ಒ ಬೇಕಾಗದೇ ಇರಬಹುದು.