ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸೆಲ್ಯುಲೋಸ್ ಒಡೆಯುವ ಕಿಣ್ವವನ್ನು ಹೇಗೆ ತಯಾರಿಸುತ್ತದೆ?

ಚೆನ್ನಾಗಿ ಅಧ್ಯಯನವಾಗಿರುವುದು ಕ್ಲಾಸ್ಟ್ರಿಡಿಯಂ ಥರ್ಮೋಸೆಲ್ಲಮ್. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮ್ಲಜನಕವೇ ಇಲ್ಲದ ಕಡೆ ಇದು ಬೆಳೆಯುತ್ತದೆ. ಗಿಡಗಳ ನಾರಿನಲ್ಲಿರುವ ಸೆಲ್ಯುಲೋಸ್ ಎಳೆ ಜೀವಕೋಶದೊಳಗೆ ಹೋಗಲಾರದಷ್ಟು ದೊಡ್ಡದು. ಹಾಗಾಗಿ ಕೋಶಪೊರೆಯಿಂದ ಹೊರಚಾಚಿದ ಪ್ರೋಟೀನುಗಳು ಅದನ್ನು ಹೊರಗೇ ಗುರುತಿಸಿ, ಕಿಣ್ವದ ಜೀನುಗಳು ಕೆಲಸ ಶುರುಮಾಡುವಂತೆ ಮಾಡುತ್ತವೆ.

ಹೊರಬಂದ ಕಿಣ್ವಗಳು ಚದುರಿಹೋಗುವುದಿಲ್ಲ, ಇದರ ಸೊಗಸೇ ಅಲ್ಲಿದೆ. ಸಿಪ್‌ಎ ಎಂಬ ಉದ್ದನೆಯ ಪ್ರೋಟೀನಿನಲ್ಲಿ 9 ಕೊಂಡಿಗಳಿವೆ. ಕ್ಯಾಲ್ಸಿಯಂ ಇದ್ದರೆ ಒಂದೊಂದಕ್ಕೂ ಒಂದು ಕಿಣ್ವ ಭದ್ರವಾಗಿ ಸಿಕ್ಕಿಕೊಳ್ಳುತ್ತದೆ. ಈ ಜೋಡಣೆಗೆ ಸೆಲ್ಯುಲೋಸೋಮ್ ಎಂದು ಹೆಸರು. ಒಂದು ಕಿಣ್ವ ಎಳೆಯನ್ನು ನಡುವೆ ಕತ್ತರಿಸಿದರೆ, ಪಕ್ಕದ್ದು ತುದಿಯಿಂದ ತುಣುಕು ಕೀಳುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಸೆಳೆದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಬೆರೆಸಿದರೆ ಕೊಂಡಿ ಸಡಿಲವಾಗುತ್ತದೆ.

ಲ್ಯಾಬಿನಲ್ಲಿ ಇದಕ್ಕೆ ಸೆಲ್ಯುಲೋಸ್‌ನಿಂದಾದ ಫಿಲ್ಟರ್ ಪೇಪರ್ ಕೊಟ್ಟು ಬೆಳೆಸಿ. ಕಾಗದ ಮೊದಲು ಹಳದಿಯಾಗಿ, ಆಮೇಲೆ ಮೆತ್ತಗಾಗಿ ಎಳೆಎಳೆಯಾಗಿ ಬಿಡುತ್ತದೆ. ರೆಸಜುರಿನ್ ಎಂಬ ಸೂಚಕ ಬಣ್ಣ ಹಾಕಿದ ಪೋಷಕ ದ್ರಾವಣ ಗುಲಾಬಿಯಾಗಿದ್ದರೆ ಆಮ್ಲಜನಕ ನುಸುಳಿದೆ ಎಂದರ್ಥ. ಆಮ್ಲಜನಕ ತೆಗೆಯಲು ಸಿಸ್ಟೀನ್ ಎಂಬ ಅಮೈನೋ ಆಮ್ಲ ಸೇರಿಸಿ, ಬಣ್ಣ ಹೋದ ಮೇಲೆಯೇ ಬ್ಯಾಕ್ಟೀರಿಯಾ ಬಿಡಿ.

ಕಿಣ್ವವನ್ನು ಬೇರ್ಪಡಿಸಿ ಬಳಸುವಾಗ ಕೆಲಸ ಅರ್ಧಕ್ಕೆ ನಿಂತರೆ, ಸೆಲ್ಯುಲೋಸ್ ಒಡೆದು ಬರುವ ಸೆಲ್ಲೋಬಯೋಸ್ ಎಂಬ ಸಕ್ಕರೆ ಶೇಖರವಾಗಿ ಕಿಣ್ವವನ್ನೇ ತಡೆದಿರಬಹುದು. ಬಿಸಿ ತಾಳುವ ಬೀಟಾ-ಗ್ಲುಕೋಸಿಡೇಸ್ ಎಂಬ ಇನ್ನೊಂದು ಕಿಣ್ವ ಸೇರಿಸಿದರೆ ಆ ಸಕ್ಕರೆ ಗ್ಲುಕೋಸ್ ಆಗಿ ಒಡೆದು ಕೆಲಸ ಮುಂದುವರಿಯುತ್ತದೆ.