30 ವೋಲ್ಟ್, 3 ಆಂಪಿಯರ್ ಲ್ಯಾಬ್ ಪವರ್ ಸಪ್ಲೈ ಹೇಗೆ ಕೆಲಸ ಮಾಡುತ್ತದೆ? ಎಲ್‌ಎಂ317 (ವೋಲ್ಟೇಜ್ ಸ್ಥಿರವಾಗಿಡುವ ರೆಡಿಮೇಡ್ ಚಿಪ್) ಹಾಕಲಾ, ಆಪ್‌ಆಂಪ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್) ಜೊತೆ 2ಎನ್3055 ಪವರ್ ಟ್ರಾನ್ಸಿಸ್ಟರ್ ಹಾಕಲಾ?

24 ವೋಲ್ಟ್, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್, 4700 ಮೈಕ್ರೊಫ್ಯಾರಡ್ ಕೆಪಾಸಿಟರ್, ಒಂದೇ ಒಂದು 2ಎನ್3055. ನೀವು ಬರೆದಿರುವ ಪಟ್ಟಿ ನೋಡಿ ನಗು ಬಂತು. ನಾನು ಕಟ್ಟಿದ್ದೂ ಇದನ್ನೇ.

ಕಟ್ಟಿದಾಗ ಚೆನ್ನಾಗಿಯೇ ಓಡಿತು. 5 ವೋಲ್ಟ್‌ಗೆ ಇಟ್ಟು ಒಂದು ಮೋಟರ್ ಬೋರ್ಡ್ ಸಿಕ್ಕಿಸಿದ್ದೆ, ಸುಮಾರು 2.5 ಆಂಪಿಯರ್ ಎಳೆಯುತ್ತಿತ್ತು. ಇದ್ದಕ್ಕಿದ್ದಂತೆ ಮೀಟರ್ 5ರಿಂದ 30ರ ಹತ್ತಿರ ಹಾರಿತು. ವೋಲ್ಟೇಜ್ ನಾಬ್ ಪೂರ್ತಿ ಇಳಿಸಿದೆ, ಜಗ್ಗಲಿಲ್ಲ. ಕರೆಂಟ್ ನಾಬ್ ಸೊನ್ನೆಗೆ ತಂದೆ, ಊಹೂಂ. ಅಷ್ಟರಲ್ಲಿ ಬೋರ್ಡಿನ ಕೆಪಾಸಿಟರ್ ತಲೆ ಉಬ್ಬಿ ಬಿರಿದಿತ್ತು. ಅದರ ಪಕ್ಕದ ಚಿಪ್ಪೂ ಹೋಯಿತು.

ಎರಡೂ ನಾಬ್ ಯಾಕೆ ಕೈಕೊಟ್ಟವು ಅಂತ ಗೊತ್ತಾದರೆ ಸರ್ಕ್ಯೂಟ್ ಅರ್ಧ ಅರ್ಥವಾದ ಹಾಗೆ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಮತ್ತು ಕೆಪಾಸಿಟರ್ ದಾಟಿ ಬರುವ ಡಿಸಿ ಸುಮಾರು 32 ವೋಲ್ಟ್. 24 ವೋಲ್ಟ್ ಎಸಿಯ ಪೀಕ್, ಅಂದರೆ ತುತ್ತತುದಿ, 34, ಅದರಲ್ಲಿ ಎರಡು ಡಯೋಡ್ ತಿನ್ನುವುದನ್ನು ಕಳೆಯಿರಿ. ಈ ಡಿಸಿಗೂ ಔಟ್‌ಪುಟ್‌ಗೂ ನಡುವೆ ಕರೆಂಟನ್ನು ಬಿಡುವ, ತಡೆಯುವ ಪಾಸ್ ಟ್ರಾನ್ಸಿಸ್ಟರ್, ಅಂದರೆ ಆ 2ಎನ್3055, ಕೂತಿರುತ್ತದೆ. ಒಂದು ಆಪ್‌ಆಂಪ್ ಔಟ್‌ಪುಟ್‌ನ ಒಂದು ಪಾಲನ್ನು ಸ್ಥಿರವಾದ ರೆಫರೆನ್ಸ್ ಜೊತೆ ಹೋಲಿಸುತ್ತಾ ಇರುತ್ತದೆ. ರೆಫರೆನ್ಸ್ 2.5 ವೋಲ್ಟ್, ಪಾಲು ಆರರಲ್ಲಿ ಒಂದು ಅಂದರೆ ಔಟ್‌ಪುಟ್ 15ಕ್ಕೆ ನಿಲ್ಲುತ್ತದೆ. ಔಟ್‌ಪುಟ್ ಸ್ವಲ್ಪ ಕುಸಿದರೆ ಟ್ರಾನ್ಸಿಸ್ಟರ್‌ನ ಬೇಸ್‌ಗೆ (ಅದನ್ನು ನಿಯಂತ್ರಿಸುವ ಕಾಲಿಗೆ) ಹೋಗುವ ಕರೆಂಟ್ ಏರಿಸುತ್ತದೆ, ಏರಿದರೆ ಇಳಿಸುತ್ತದೆ. ಎರಡನೇ ಆಪ್‌ಆಂಪ್ ಒಂದು ಸಣ್ಣ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿ ಕರೆಂಟ್ ಅಳೆಯುತ್ತದೆ. 0.22 ಓಮ್‌ನಲ್ಲಿ 2 ಆಂಪಿಯರ್ ಹರಿದರೆ 0.44 ವೋಲ್ಟ್. ನೀವು ಇಟ್ಟ ಮಿತಿ ದಾಟಿದರೆ ಡಯೋಡ್ ಮೂಲಕ ಅದೇ ಬೇಸನ್ನು ಕೆಳಗೆ ಎಳೆಯುತ್ತದೆ.

ಅದೇ ಬೇಸ್, ಅದೇ ಟ್ರಾನ್ಸಿಸ್ಟರ್! ಪಾಸ್ ಟ್ರಾನ್ಸಿಸ್ಟರ್ ಸುಟ್ಟರೆ ಸಾಮಾನ್ಯವಾಗಿ ಕರೆಂಟ್ ಒಳಬರುವ ಕಾಲು (ಕಲೆಕ್ಟರ್) ಮತ್ತು ಹೊರಹೋಗುವ ಕಾಲು (ಎಮಿಟರ್) ಒಂದಕ್ಕೊಂದು ಶಾರ್ಟ್ ಆಗಿಬಿಡುತ್ತವೆ. ಆಮೇಲೆ ಆಪ್‌ಆಂಪ್ ಎಷ್ಟು ಬಡಿದಾಡಿದರೂ ಕೇಳುವವರಿಲ್ಲ. ಒಳಗಿನ 32 ವೋಲ್ಟ್ ಸೀದಾ ಬೋರ್ಡಿಗೆ.

ಸುಟ್ಟಿದ್ದು ಯಾಕೆ? ಡೇಟಾಶೀಟ್‌ನಲ್ಲಿ ಟ್ರಾನ್ಸಿಸ್ಟರ್ 115 ವ್ಯಾಟ್ ಬಿಸಿ ತಡೆಯುತ್ತದೆ ಅಂತ ಓದಿ ನಾನು ನಂಬಿಬಿಟ್ಟೆ. ಲೋಡ್ ಬಿದ್ದಾಗ ಒಳಗೆ ಸುಮಾರು 30 ವೋಲ್ಟ್, ಹೊರಗೆ 5. ಉಳಿದ 25 ವೋಲ್ಟ್ ಟ್ರಾನ್ಸಿಸ್ಟರ್ ತಲೆ ಮೇಲೆ. 2.5 ಆಂಪಿಯರ್‌ಗೆ 62 ವ್ಯಾಟ್. 115ರಲ್ಲಿ ಅರ್ಧ ಚಿಲ್ಲರೆ ಅಷ್ಟೇ ಅಲ್ವಾ ಅಂದುಕೊಂಡೆ. ಆದರೆ ಆ 115 ಅನ್ನೋದು ಟ್ರಾನ್ಸಿಸ್ಟರ್‌ನ ಮೈ 25 ಡಿಗ್ರಿಯಲ್ಲೇ ಇದ್ದರೆ ಮಾತ್ರ. ಯಾವ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ಹಾಕಿದರೂ ಅದು ಆಗದ ಮಾತು. ಸರಿಯಾದ ಲೆಕ್ಕ ಹೀಗೆ: ಒಳಗಿನ ಚಿಪ್ಪಿನಿಂದ ಮೈಗೆ ಪ್ರತಿ ವ್ಯಾಟ್‌ಗೆ 1.5 ಡಿಗ್ರಿ, ಮೈಗೂ ಹೀಟ್‌ಸಿಂಕ್‌ಗೂ ನಡುವಿನ ಮೈಕಾ ಹಾಳೆ ಮತ್ತು ಪೇಸ್ಟ್‌ಗೆ ಸುಮಾರು 0.5, ನನ್ನ ಹೀಟ್‌ಸಿಂಕ್‌ಗೆ 1.5. ಒಟ್ಟು 3.5. ಅದನ್ನು 62ರಿಂದ ಗುಣಿಸಿ: 217. ಮೇಲೆ ಸುತ್ತಲಿನ ಗಾಳಿಯ 30 ಡಿಗ್ರಿ ಸೇರಿಸಿ. ಆ ಟ್ರಾನ್ಸಿಸ್ಟರ್ ತಡೆಯುವ ಮಿತಿಯೇ 200. ಹೀಟ್‌ಸಿಂಕ್ ದೊಡ್ಡದು ಮಾಡಿದ್ದರೂ ಮೊದಲಿನ 1.5 ಎಲ್ಲೂ ಹೋಗುತ್ತಿರಲಿಲ್ಲ. ಅದಕ್ಕೇ ಬಿಸಿಯನ್ನು ಎರಡು-ಮೂರು ಟ್ರಾನ್ಸಿಸ್ಟರ್‌ಗೆ ಹಂಚಬೇಕು. ಪ್ರತಿಯೊಂದರ ಎಮಿಟರ್‌ಗೂ 0.22 ಓಮ್ ಕೊಡಿ. ಸುಮ್ನೆ ಪಕ್ಕಪಕ್ಕ ಜೋಡಿಸಿದರೆ ಬಿಸಿಯಾದದ್ದೇ ಇನ್ನಷ್ಟು ಕರೆಂಟ್ ಎಳೆದು ಮೊದಲು ಸಾಯುತ್ತದೆ.

ಗಮನಿಸಿ, ಕಡಿಮೆ ವೋಲ್ಟೇಜ್‌ಗೆ ಇಟ್ಟಾಗಲೇ ಬಿಸಿ ಜಾಸ್ತಿ. 5 ವೋಲ್ಟ್ ತಾನೇ, ಏನಾಗುತ್ತೆ ಅಂತ ಎಲ್ಲರೂ ಮೋಸ ಹೋಗುವುದು ಅಲ್ಲೇ.

ಇನ್ನು ನಿಮ್ಮ 30 ವೋಲ್ಟ್, 3 ಆಂಪಿಯರ್. ಆ ಟ್ರಾನ್ಸ್‌ಫಾರ್ಮರ್‌ನಿಂದ ಅದು ಸಿಗುವುದೇ ಇಲ್ಲ. 50 ಹರ್ಟ್ಜ್ ಸಪ್ಲೈನಲ್ಲಿ 4700 ಮೈಕ್ರೊಫ್ಯಾರಡ್ ಮೇಲೆ 3 ಆಂಪಿಯರ್‌ಗೆ ರಿಪಲ್ಲೇ (ಡಿಸಿಯ ಏರಿಳಿತವೇ) 5-6 ವೋಲ್ಟ್ ಬರುತ್ತದೆ. ರೆಗ್ಯುಲೇಟರ್‌ಗೂ 2-3 ವೋಲ್ಟ್ ಬೇಕು. 23-24ರ ಮೇಲೆ ಔಟ್‌ಪುಟ್ ಅಲುಗಾಡಲು ಶುರುವಾಗುತ್ತದೆ. ಜೊತೆಗೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 3 ಆಂಪಿಯರ್ ಎಸಿ ಲೆಕ್ಕ. ಬ್ರಿಡ್ಜ್ ಮತ್ತು ಕೆಪಾಸಿಟರ್ ಆದಮೇಲೆ 1.8 ಆಂಪಿಯರ್ ಡಿಸಿ ಎಳೆದರೆ ಅದಕ್ಕೆ ಸುಖ.

ನನ್ನ ಪ್ರಕಾರ ಮೊದಲ ಸಪ್ಲೈಗೆ 15 ವೋಲ್ಟ್, 1 ಆಂಪಿಯರ್ ಧಾರಾಳ. ಎಲ್‌ಎಂ317 ಹಾಕಿ. 1.25 ವೋಲ್ಟ್‌ಗಿಂತ ಕೆಳಗೆ ಇಳಿಯುವುದಿಲ್ಲ, ನಿಜ. ಅಷ್ಟು ಕಡಿಮೆ ಯಾವಾಗ ಬೇಕಾಗುತ್ತೆ ಹೇಳಿ? ತೀರಾ ಬಿಸಿಯಾದರೆ ಅದು ತಾನೇ ಔಟ್‌ಪುಟ್ ತಗ್ಗಿಸಿ ತನ್ನನ್ನು ಉಳಿಸಿಕೊಳ್ಳುತ್ತದೆ, 2ಎನ್3055ಗೆ ಆ ಬುದ್ಧಿ ಇಲ್ಲ. ಯಾವುದೇ ಕಟ್ಟಿದರೂ 5 ವೋಲ್ಟ್ ಬೋರ್ಡಿಗೆ ಹೋಗುವ ವೈರಿನಲ್ಲಿ ಒಂದು ಫ್ಯೂಸ್, ಅದರ ಆಚೆ ವೋಲ್ಟೇಜ್ 6ರ ಆಸುಪಾಸಿಗೆ ಏರಿದರೆ ವೈರನ್ನು ಶಾರ್ಟ್ ಮಾಡಿ ಫ್ಯೂಸ್ ಹಾರಿಸುವ ಎಸ್‌ಸಿಆರ್ (ಒಮ್ಮೆ ಆನ್ ಆದರೆ ಆನ್ ಆಗಿಯೇ ಉಳಿಯುವ ಸ್ವಿಚ್) ಇಡಿ. ಸಪ್ಲೈನ ಆಪ್‌ಆಂಪ್-ಟ್ರಾನ್ಸಿಸ್ಟರ್ ನಿಯಂತ್ರಣಕ್ಕೂ ಅದಕ್ಕೂ ಸಂಬಂಧ ಇರಬಾರದು.